ಬಿಲ್ ಬರೆಯೋಕೆ ಸೌಂಡ್ ಯಾಕೆ?

ಲಿನಕ್ಸ್ ಗೊತ್ತು ಅಂತ ಒಮ್ಮೆ ಬಾಯಿಬಿಟ್ಟರೆ ಮುಗೀತು, ನೆಂಟರಿಷ್ಟರ ಕಂಪ್ಯೂಟರುಗಳೆಲ್ಲ ನಮ್ಮ ತಲೆಗೇ ಬರುತ್ತವೆ. ಹಾಸನದ ಕೆ.ಆರ್. ಪುರಂನಲ್ಲಿ ಭಾವನ ಜೆರಾಕ್ಸ್ ಅಂಗಡಿ. ಅಲ್ಲಿನ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸಿನದೇ ಒಂದು ಬಗೆಯಾದ ಉಬುಂಟು. ಅದರ 22.04 ಆವೃತ್ತಿ ತೆಗೆದು 24.04 ಮಾಡಿಕೊಡು ಅಂದರು. ಅದೂ ಹಾಸನಾಂಬೆ ಗುಡಿಯ ಬಾಗಿಲು ತೆರೆದಿದ್ದ ದಿನಗಳಲ್ಲಿ, ಊರಲ್ಲಿ ಕಾಲಿಡೋಕೆ ಜಾಗ ಇಲ್ಲದಿದ್ದಾಗ.

ಅಪ್‌ಗ್ರೇಡ್ ಸಲೀಸಾಗಿ ಆಯಿತು. ಕಿರಿಕ್ ಮಾಡಿದ್ದು ಬಿಲ್ಲಿಂಗ್ ಸಾಫ್ಟ್‌ವೇರ್. ಅದನ್ನು ಮತ್ತೆ ಹಾಕಬೇಕಿತ್ತು. ಹಾಕುವುದು ಹೇಗೆ ಅಂತ ಮಾರಿದವರು ಫೋನಿನಲ್ಲಿ ಹೇಳಿದ್ದನ್ನು ಭಾವ ಡೈರಿಯಲ್ಲಿ ದುಂಡಗೆ ಬರೆದಿಟ್ಟಿದ್ದರು. ಮೊದಲ ಸಾಲು, ಪ್ಯಾಕೇಜ್ (ಸಾಫ್ಟ್‌ವೇರಿನ ಗಂಟು) ತಂದು ಹಾಕುವ ‘ಆಪ್ಟ್’ ಅನ್ನೋ ಪ್ರೋಗ್ರಾಮಿಗೆ ಕೊಡುವ ಅಪ್ಪಣೆ: ‘ಆಪ್ಟ್ ಇನ್‌ಸ್ಟಾಲ್ ಲಿಬ್‌ಎಸೌಂಡ್2’.

“ಇದು ಸೌಂಡಿನ ಲೈಬ್ರರಿ ಭಾವ, ಬೇರೆ ಸಾಫ್ಟ್‌ವೇರುಗಳು ಬಳಸಿಕೊಳ್ಳೋ ಕೋಡು.”

“ಬಿಲ್ ಬರೆಯೋಕೆ ಸೌಂಡ್ ಯಾಕಯ್ಯಾ?”

ನ್ಯಾಯವಾದ ಪ್ರಶ್ನೆ. ಆ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಇಡೀ ಕ್ರೋಮಿಯಂ ಬ್ರೌಸರ್ ಕೂತಿದೆ. ಬ್ರೌಸರಿಗೆ ಸೌಂಡ್ ಬೇಕು. ಎರಡು ರೂಪಾಯಿ ಜೆರಾಕ್ಸಿನ ಬಿಲ್ಲಿಗೆ ಇಷ್ಟೆಲ್ಲ!

ಡೈರಿಯಲ್ಲಿದ್ದ ಹಾಗೇ ಟೈಪ್ ಮಾಡಿದೆ. ಆ ಪ್ಯಾಕೇಜ್ ಈಗ ಬರೀ ಹೆಸರಿಗೆ ಮಾತ್ರ ಇದೆ, ಅದನ್ನು ಒದಗಿಸುವ ಪ್ಯಾಕೇಜ್ ಎರಡಿವೆ, ಯಾವುದು ಬೇಕೋ ನೀನೇ ಹೇಳು ಅಂತು ಆಪ್ಟ್. ಒಂದು ಲಿಬ್‌ಎಸೌಂಡ್2ಟಿ64. ಇನ್ನೊಂದರ ಉದ್ದ ಹೆಸರಿನ ನಡುವೆ ‘ಸಾಲ್ಸಾ’ ಅಂತ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತು “ಮಂಜಣ್ಣಾ” ಅಂತ ಕೂಗಿದ ಹಾಗಾಯಿತು. ಒಬ್ಬನೇ ತಿರುಗಿದ್ದರೆ ಆಪ್ಟ್ ಅವನನ್ನೇ ಕರೆತರುತ್ತಿತ್ತು. ಇಬ್ಬರು ತಿರುಗಿದರೆ ಕೈಕಟ್ಟಿ ನಿಲ್ಲುತ್ತೆ.

ಈ ‘ಟಿ64’ ಬಾಲದ ಕತೆಯನ್ನೂ ಭಾವನಿಗೆ ಹೇಳಿದೆ. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದಿರುವ 32 ಬಿಟ್ ಲೆಕ್ಕ 2038ರ ಜನವರಿ 19ಕ್ಕೆ ತುಂಬಿಹೋಗುತ್ತೆ. ಅದಕ್ಕೇ ಉಬುಂಟು, ಅದರ ಬುನಾದಿಯಾದ ಡೆಬಿಯನ್ ಎರಡೂ 64 ಬಿಟ್ ಸಮಯಕ್ಕೆ ಹೋದವು. ಹಳೇ ಲೈಬ್ರರಿ, ಹೊಸ ಲೈಬ್ರರಿ ಬೆರೆಯಬಾರದು ಅಂತ ಹೆಸರಿಗೆ ಬಾಲ ಅಂಟಿಸಿದರು.

“2038ಕ್ಕಾ? ಅಷ್ಟೊತ್ತಿಗೆ ನಾನು ಅಂಗಡಿ ಮುಚ್ಚಿ ಊರಲ್ಲಿ ಆಲೂಗಡ್ಡೆ ಹಾಕಿರ್ತೀನಿ ಕಣಯ್ಯಾ.”

ಮಜಾ ಏನಂದರೆ ಭಾವನ ಕಂಪ್ಯೂಟರ್ 64 ಬಿಟ್‌ನದು. ಅದಕ್ಕೆ ಈ ತೊಂದರೆಯೇ ಇರಲಿಲ್ಲ! ಮುಖ್ಯವಾಗಿ 32 ಬಿಟ್ ಆರ್ಮ್ ಚಿಪ್ಪಿನ ಯಂತ್ರಗಳಿಗೆ ಅಂತ ಇಟ್ಟ ಹೆಸರು, ಎಲ್ಲ ಕಡೆ ಒಂದೇ ಇರಲಿ ಅಂತ ಇಲ್ಲಿಗೂ ಬಂತು. ಇದನ್ನು ಮಾತ್ರ ಭಾವನಿಗೆ ಹೇಳಲಿಲ್ಲ. ಸುಮ್ನೆ ಯಾಕೆ?

ಹೆಸರು ಬದಲಿಸಿದವರ ಮೇಲೆ ನನಗೇನೂ ಸಿಟ್ಟಿಲ್ಲ. ಹಳೇ ಡೆಬ್ ಫೈಲು (ಪ್ಯಾಕೇಜಿನ ಫೈಲು) ಹಳೇ ಹೆಸರು ಹಿಡಿದು ಕೇಳಿದರೂ ಹೊಸ ಪ್ಯಾಕೇಜ್ “ನಾನೇ ಅದು” ಅಂತ ಓಗೊಡುವ ಹಾಗೆ ಮಾಡಿದ್ದಾರೆ. ಸಿಕ್ಕಿಹಾಕಿಕೊಳ್ಳುವುದು ಕೈಯಲ್ಲಿ ಟೈಪ್ ಮಾಡುವ ನಮ್ಮಂಥವರು. ಡೈರಿಗೆ ಯಾರೂ ಅಪ್‌ಡೇಟ್ ಕಳಿಸುವುದಿಲ್ಲವಲ್ಲ!

ಟಿ64 ಬಾಲವನ್ನೂ ಸೇರಿಸಿ ಪೂರ್ತಿ ಹೆಸರು ಕೊಟ್ಟೆ, ಸಾಫ್ಟ್‌ವೇರ್ ಕೂತಿತು. ಮೊದಲ ಬಿಲ್ಲಿಗೇ ಸ್ಪೀಕರ್ ‘ಟಿಣ್’ ಅಂತು. ಕ್ಯೂನಲ್ಲಿದ್ದವರೆಲ್ಲ ತಮ್ಮ ತಮ್ಮ ಮೊಬೈಲ್ ನೋಡಿಕೊಂಡರು. ಭಾವ ಡೈರಿಯಲ್ಲಿ ಹಳೇ ಸಾಲು ಹೊಡೆದುಹಾಕಿ, ಕೆಳಗೆ ಹೊಸ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದರು.

“ಪೆನ್ ಇದೆಯಲ್ಲ ಭಾವ?”

“ಇರ್ಲಿ ಬಿಡು. ಮುಂದಿನ ಸಲ ಅಳಿಸೋಕೆ ಸುಲಭ.”