ಔಷಧಿ ಇರಲಿ, ಮೊದಲು ನೆಟ್ಟಗಿನ ಪರೀಕ್ಷೆ ಬರಲಿ

ಆ್ಯಂಟಿಸೆನ್ಸ್ ಆರ್‌ಎನ್‌ಎ (ಜೀನಿನ ತಿರುವುಮುರುವಾದ ನಕಲು) ಎಂದೋ ಮತ್ತೊಂದೋ ಕ್ಯಾನ್ಸರ್ ಸಂಶೋಧನೆಯ ಸುದ್ದಿ ಬಂದರೆ ಎಲ್ಲರೂ ಕೇಳುವುದು ಒಂದೇ ಮಾತು: ಔಷಧಿ ಯಾವಾಗ ಬರುತ್ತದೆ? ಹಾಸನದ ಬಿ.ಎಂ. ರಸ್ತೆಯ ಲ್ಯಾಬೊಂದರಲ್ಲಿ ರಕ್ತ, ಮೂತ್ರ ಪರೀಕ್ಷಿಸಿ ಹೊಟ್ಟೆ ಹೊರೆಯುವ ನಾನು ಕೇಳುವುದು ಬೇರೆ: ರೋಗ ಇದೆಯೋ ಇಲ್ಲವೋ ಎಂದು ನೆಟ್ಟಗೆ ಹೇಳುವ ಪರೀಕ್ಷೆ ಯಾವಾಗ ಬರುತ್ತದೆ?

ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆಂದು ಮಾಡುವ ಪಿಎಸ್‌ಎ ಪರೀಕ್ಷೆಯನ್ನೇ ನೋಡಿ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಉತ್ಪಾದಿಸುವ ಈ ಪ್ರೋಟೀನು ರಕ್ತದಲ್ಲಿ ಮಿಲಿಲೀಟರಿಗೆ 4 ನ್ಯಾನೋಗ್ರಾಂ ದಾಟಿದರೆ ನಮ್ಮ ಕಂಪ್ಯೂಟರ್ ಆ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸುತ್ತದೆ. ಆಲೂರು ಕಡೆಯ ಹಿರಿಯರೊಬ್ಬರು ಆ ಹಾಳೆ ಹಿಡಿದು, "ಏನವ್ವ, ಇದೊಂದನ್ನು ಯಾಕೆ ಕಪ್ಪಗೆ ಮಾಡಿದ್ದೀಯ? ನನಗೆ ಅದೇ ರೋಗವೇ?" ಎಂದು ಕೇಳಿದ್ದರು. ವಯಸ್ಸಾದಂತೆ ಗ್ರಂಥಿ ಊದಿಕೊಂಡರೂ ಪಿಎಸ್‌ಎ ಏರುತ್ತದೆ, ಸೋಂಕಾದರೂ ಏರುತ್ತದೆ, ಡಾಕ್ಟರಿಗೆ ತೋರಿಸಿ ಎಂದೆ. ಅವರ ಕಿವಿಗೆ ಬಿದ್ದದ್ದು ಅರ್ಧ ಮಾತ್ರ. ಮುಂದಿನ ದಾರಿ ಬಯಾಪ್ಸಿ: ಬಹಳ ಕಡೆ ಗುದದ್ವಾರದ ಮೂಲಕ ಸೂಜಿ ಹಾಕಿ ಹತ್ತು ಹನ್ನೆರಡು ಚೂರು ತೆಗೆಯುತ್ತಾರೆ. ರಕ್ತಸ್ರಾವ, ಸೋಂಕು ಎರಡರ ಭಯವೂ ಉಂಟು. ಏನೂ ಸಿಗದೆ, ಪಿಎಸ್‌ಎ ಮಾತ್ರ ಇಳಿಯದಿದ್ದರೆ ಮತ್ತೆ ಸೂಜಿ.

ಆ್ಯಂಟಿಸೆನ್ಸ್ ಆರ್‌ಎನ್‌ಎ ನನಗೆ ಮುಖ್ಯವಾಗುವುದು ಇಲ್ಲಿ. ಡಿಎನ್‌ಎಗೆ ಎರಡು ಎಳೆಗಳು. ಒಂದು ಎಳೆಯಿಂದ ಜೀನಿನ ನಕಲು, ಅಂದರೆ ಆರ್‌ಎನ್‌ಎ, ತಯಾರಾಗುವ ಜಾಗದಲ್ಲೇ, ಎದುರಿನ ಎಳೆಯಿಂದಲೂ ತಿರುವುಮುರುವಾಗಿ ಇನ್ನೊಂದು ನಕಲು ಹೊರಡುವುದುಂಟು; ಅದೇ ಆ್ಯಂಟಿಸೆನ್ಸ್. ಅದು ಪ್ರೋಟೀನು ತಯಾರಿಸದಿರಬಹುದು. ಆದರೆ ಶಿರಾಡಿ ಘಾಟಿಯ ಕಿರಿದಾದ ತಿರುವಿನಲ್ಲಿ ಎದುರಿನಿಂದ ಬಂದ ಲಾರಿಯ ಹಾಗೆ ಮೊದಲನೆಯದರ ಓಟವನ್ನು ತಡೆಯಬಲ್ಲದು. ಕೆಲವೊಮ್ಮೆ ಆ ಜೀನನ್ನೇ ಮುಚ್ಚಿಸಿಬಿಡುತ್ತದೆ. ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಪಿ15 ಎಂಬ ಜೀನನ್ನು ಅದರದ್ದೇ ಆ್ಯಂಟಿಸೆನ್ಸ್ ಸುಮ್ಮನಾಗಿಸುತ್ತದೆಂದು 2008ರಲ್ಲಿ ರಕ್ತಕ್ಯಾನ್ಸರ್ ಕುರಿತ ಅಧ್ಯಯನವೊಂದು ತೋರಿಸಿತು.

ನನ್ನ ಆಸಕ್ತಿ ಇಂಥದೇ ಆ್ಯಂಟಿಸೆನ್ಸ್ ಆರ್‌ಎನ್‌ಎ ಕೊಡುವ ಪಿಸಿಎ3 ಎಂಬ ಜೀನಿನ ಮೇಲೆ. 1999ರಲ್ಲಿ ಪ್ರಕಟವಾದ ಈ ಜೀನಿಗೆ ಆಗಿನ ಹೆಸರು ಡಿಡಿ3. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 56 ಪ್ರಾಸ್ಟೇಟ್‌ಗಳ ಪೈಕಿ 53ರ ಗಡ್ಡೆಯಲ್ಲಿ ಅದರ ಆರ್‌ಎನ್‌ಎ ವಿಪರೀತ ಹೆಚ್ಚಿತ್ತು. ಪಕ್ಕದ ಆರೋಗ್ಯವಂತ ಅಂಗಾಂಶದಲ್ಲಿ ಇರಲೇ ಇಲ್ಲ ಎನ್ನುವಷ್ಟು ಕಡಿಮೆ. ವೈದ್ಯರು ಬೆರಳಿನಿಂದ ಗ್ರಂಥಿಯನ್ನು ಒತ್ತಿ ನೋಡಿದ ಮೇಲೆ ಹೊರಬರುವ ಮೊದಲ ಮೂತ್ರದಲ್ಲಿ ಇದನ್ನು ಅಳೆಯಬಹುದು. ಮೊದಲ ಬಯಾಪ್ಸಿಯಲ್ಲಿ ಏನೂ ಕಾಣದ, 50 ದಾಟಿದ ಗಂಡಸರಿಗೆ ಮತ್ತೆ ಸೂಜಿ ಚುಚ್ಚಬೇಕೇ ಎಂದು ನಿರ್ಧರಿಸಲು ನೆರವಾಗಲಿ ಎಂದು 2012ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ರೋಗ ಎಷ್ಟು ಉಗ್ರವಾಗಿದೆ ಎಂದು ಇದು ಚೆನ್ನಾಗಿ ಹೇಳಲಾರದು, ನಿಜ. ಆದರೂ ಎರಡನೇ ಸೂಜಿ ತಪ್ಪುವುದು ಚುಚ್ಚಿಸಿಕೊಳ್ಳುವವನಿಗೆ ಸಣ್ಣ ಲಾಭವಲ್ಲ.

ಈ ಪಿಸಿಎ3 ಇರುವುದು ಪ್ರೂನ್2 ಎಂಬ ಜೀನಿನ ಒಳಗೆ, ವಿರುದ್ಧ ದಿಕ್ಕಿನಲ್ಲಿ. ಅದು ಪ್ರೂನ್2ರ ನಕಲಿಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ, ಪ್ರೂನ್2 ಇದ್ದರೆ ಗಡ್ಡೆ ಬೆಳೆಯುವುದು ಕಷ್ಟ ಎಂದು 2015ರ ಸಂಶೋಧನೆ ಹೇಳಿತು. ಪಿಸಿಎ3 ಬಾಯಿ ಮುಚ್ಚಿಸಿದಾಗ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿತು. ಗುರುತು ಹೇಳುವುದೂ ಅದೇ, ಹೊಡೆಯಬೇಕಾದದ್ದೂ ಅದೇ! "ಕ್ಯಾನ್ಸರಿಗೆ ಮದ್ದು ಸಿಕ್ಕಿತು" ಎಂಬ ತಲೆಬರಹ ಹುಟ್ಟುವುದು ಇಂಥ ಕಡೆಯೇ.

ನಾನು ಅಷ್ಟು ಬೇಗ ಕುಣಿಯುವುದಿಲ್ಲ. ಆರ್‌ಎನ್‌ಎಯನ್ನು ಹಿಡಿದು ಕತ್ತರಿಸುವ ಅಥವಾ ಅದರ ಕೆಲಸ ಬದಲಿಸುವ ಪುಟ್ಟ ಎಳೆಗಳ ಔಷಧಿ ಈಗಾಗಲೇ ಇವೆ. 1998ರಲ್ಲಿ ಒಪ್ಪಿಗೆ ಪಡೆದ ಫೋಮಿವಿರ್ಸೆನ್ ಕಣ್ಣಿನ ವೈರಸ್ ಸೋಂಕಿಗೆ ಇತ್ತು, ಈಗ ಮಾರಾಟದಲ್ಲಿಲ್ಲ. 2016ರ ನುಸಿನರ್ಸೆನ್ ಬೆನ್ನುಹುರಿಯ ಸ್ನಾಯುಕ್ಷಯಕ್ಕೆ. ಮೊದಲನೆಯದನ್ನು ಕಣ್ಣೊಳಗೇ ಚುಚ್ಚುತ್ತಿದ್ದರು, ಎರಡನೆಯದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚುತ್ತಾರೆ. ಎರಡೂ ಮುಚ್ಚಿದ ಜಾಗಗಳು. ಮೈತುಂಬ ಹರಡಿದ ಗಡ್ಡೆಗೆ ಈ ಸೌಕರ್ಯ ಇಲ್ಲ. ರಕ್ತಕ್ಕೆ ಹಾಕಿದರೆ ಇಂಥ ಎಳೆಗಳಲ್ಲಿ ಬಹುಪಾಲು ಯಕೃತ್ತು, ಮೂತ್ರಪಿಂಡಗಳಿಗೇ ಹೋಗಿ ಸೇರುತ್ತವೆ. ಕ್ಯಾನ್ಸರ್ ಕೋಶ ಸಾಯದಂತೆ ಕಾಯುವ ಬಿಸಿಎಲ್2 ಜೀನಿನ ವಿರುದ್ಧ ತಯಾರಾದ ಇಂಥದೇ ಔಷಧಿ ಒಬ್ಲಿಮರ್ಸೆನ್‌ಗೆ ವರ್ಷಗಟ್ಟಲೆ ಹೆಣಗಿದರೂ ಅಮೆರಿಕದಲ್ಲಿ ಒಪ್ಪಿಗೆ ಸಿಗಲಿಲ್ಲ. ಸಂಶೋಧನೆ ನಿಲ್ಲಿಸಿ ಎನ್ನುತ್ತಿಲ್ಲ. ಇಲಿಯಿಂದ ಮನುಷ್ಯನವರೆಗಿನ ದಾರಿಯನ್ನು ಪತ್ರಿಕೆಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ ಎಂಬುದಷ್ಟೇ ನನ್ನ ತಕರಾರು.

ಪರೀಕ್ಷೆಯ ದಾರಿ ಅಷ್ಟು ದೂರವಿಲ್ಲ. ಆರ್‌ಎನ್‌ಎ ಬೇಗ ಹಾಳಾಗುತ್ತದೆ, ಮೂತ್ರ ಹಿಡಿದ ಕೂಡಲೇ ಅದನ್ನು ಕಾಪಾಡುವ ದ್ರಾವಣದ ಕೊಳವೆಗೆ ಸುರಿಯಬೇಕು. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು ಸಂಜೆ ಬಸ್ಸಿಗೆ ಬೆಂಗಳೂರಿಗೆ ಸ್ಯಾಂಪಲ್ ಕಳಿಸುವ ನಮಗೆ ಅದೇನು ಹೊಸತಲ್ಲ. ಕೋವಿಡ್ ಕಾಲದಲ್ಲಿ ಜಿಲ್ಲೆಗಳಿಗೆ ಬಂದ ಆರ್‌ಟಿ-ಪಿಸಿಆರ್ ಯಂತ್ರಗಳೂ ಮಾಡುವುದು ಆರ್‌ಎನ್‌ಎ ಅಳೆಯುವ ಕೆಲಸವನ್ನೇ. ಆ ಯಂತ್ರಗಳ ಮೇಲೆ, ನಮ್ಮದೇ ಜಿಲ್ಲೆಗಳ ರೋಗಿಗಳಲ್ಲಿ ಇಂಥ ಮೂತ್ರ ಪರೀಕ್ಷೆಯನ್ನು ಒರೆಗೆ ಹಚ್ಚಲು ಸರ್ಕಾರ ಹಣ ಕೊಡಲಿ. ಹಾಸನಕ್ಕೆ ಅದು ಹತ್ತು ಹೊಸ ಔಷಧಿಯ ಸುದ್ದಿಗಿಂತ ಹೆಚ್ಚು ಉಪಯೋಗ.

ಆರೋಗ್ಯ ಶಿಬಿರ ನಡೆಸುವವರಿಗೆ ಒಂದು ಮಾತು: ಪ್ಯಾಕೇಜಿನಲ್ಲಿ ಇದೆಯೆಂದು ಬಂದ ಗಂಡಸರಿಗೆಲ್ಲ ಪಿಎಸ್‌ಎ ಮಾಡಿಸಬೇಡಿ. ಉರಿಮೂತ್ರ, ಸೋಂಕು ಇದೆಯೇ ಎಂದು ಮೊದಲು ಕೇಳಿ. ಇದ್ದರೆ ವಾಸಿಯಾಗಿ ಆರು ವಾರವಾದರೂ ಕಳೆದ ಮೇಲೆ ಬರಲಿ.