ಫ್ಯಾನ್ ಆಫ್ ಮಾಡಿದ್ರಾ?

ಅಪ್ಪು ಹೋದ ಮುಂದಿನ ವಾರ ನಾನೂ ಕಣ್ಣುದಾನಕ್ಕೆ ಹೆಸರು ಬರೆಸಿದೆ. 2021ರ ನವೆಂಬರ್. ನಿಮ್ಮಲ್ಲೂ ತುಂಬಾ ಜನ ಬರೆಸಿರುತ್ತೀರಿ. ಕಾರ್ಡ್ ಕೈಗೆ ಬಂದಿದ್ದೇ ಫೋಟೊ ತೆಗೆದು ಇಲ್ಲೇ ಹಾಕಿದ್ದೆ. ಮುನ್ನೂರು ಚಿಲ್ಲರೆ ಲೈಕ್! ನನ್ನ ಮದುವೆ ಫೋಟೊಗೂ ಅಷ್ಟು ಬಂದಿರಲಿಲ್ಲ.

ಎರಡು ವರ್ಷ ಆದಮೇಲೆ ತುಮಕೂರಿನಲ್ಲಿ ದೊಡ್ಡಪ್ಪ ತೀರಿಕೊಂಡರು. ಬೆಳಗಿನ ಜಾವ 4 ಗಂಟೆ. ನಾನು ಹೋಗಿ ತಲುಪುವಾಗ ಆರೂವರೆ. ಹಾಲ್‌ನಲ್ಲಿ ಚಾಪೆ ಮೇಲೆ ಮಲಗಿಸಿದ್ದರು, ಮೇಲೆ ಫ್ಯಾನ್ ಗಿರಗಿರ ತಿರುಗುತ್ತಿತ್ತು. ಒಬ್ಬರು ಶಾಮಿಯಾನದವನಿಗೆ ಫೋನ್ ಮಾಡುತ್ತಿದ್ದರು, ಇನ್ನೊಬ್ಬರು ಹೂವಿಗೆ ಓಡಿದ್ದರು. ಕಾರ್ಡ್ ನನ್ನ ಪರ್ಸ್‌ನಲ್ಲೇ ಇತ್ತು. ಪ್ರಾಣ ಹೋದ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು ಅನ್ನೋದೂ ಗೊತ್ತಿತ್ತು. ಇನ್ನೂ ಮೂರೂವರೆ ಗಂಟೆ ಟೈಮಿತ್ತು. ಬಾಯಿ ಮಾತ್ರ ಬರಲಿಲ್ಲ. ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದರು. ಈ ಹೊತ್ತಲ್ಲಿ ಕಣ್ಣಿನ ವಿಷಯ ಎತ್ತೋದಾ, ಯಾರು ಏನಂದುಕೊಳ್ತಾರೋ ಅಂತ ಹಿಂದೆ ಮುಂದೆ ನೋಡಿದೆ. ಬಂದವರಿಗೆಲ್ಲ ಕಾಫಿ ಕೊಡುತ್ತಾ ಓಡಾಡಿದೆ. ಹತ್ತು ಗಂಟೆ ಆಗೇ ಹೋಯಿತು.

ಹದಿಮೂರನೇ ದಿನ ಊಟ ಆದಮೇಲೆ ದೊಡ್ಡಮ್ಮನೇ ಹೇಳಿದರು, "ನಾನೂ ಕಣ್ಣು ಕೊಡ್ತೀನಿ ಅಂತ ಅಪ್ಪು ಹೋದಾಗ ಅಂದಿದ್ರು ಕಣೋ. ಆ ಹೊತ್ತಿಗೆ ಒಬ್ಬರಿಗೂ ನೆನಪಾಗ್ಲಿಲ್ಲ ನೋಡು."

ನನಗೆ ನೆನಪಿತ್ತು. ಅದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ. ಅವರು ಫೇಸ್‌ಬುಕ್‌ನಲ್ಲಿ ಇಲ್ಲ, ಅದಕ್ಕೇ ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ.

"ನಾವೇನು ದೊಡ್ಡ ಸ್ಟಾರಾ, ನಮ್ಮ ಮಾತು ಯಾರು ಕೇಳ್ತಾರೆ" ಅಂತ ಸುಮ್ನೆ ಇದ್ದುಬಿಡುತ್ತೇವೆ ಅಲ್ವಾ? ಸ್ಟಾರ್ ಮಾತಿಗೆ ತೂಕ ಇದೆ, ಇಲ್ಲ ಅನ್ನಲ್ಲ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ಐ ಬ್ಯಾಂಕ್ ಶುರುವಾದಾಗ ಅಣ್ಣಾವ್ರು ಬರೀ ಟೇಪು ಕತ್ತರಿಸಿ ಬರಲಿಲ್ಲ. ನಮ್ಮ ಇಡೀ ಮನೆಯವರ ಕಣ್ಣು ಕೊಡ್ತೀವಿ ಅಂತ ಮಾತು ಕೊಟ್ಟು ಬಂದರು. 2006ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2017ರಲ್ಲಿ ಪಾರ್ವತಮ್ಮನವರದ್ದು. 2021ರ ಅಕ್ಟೋಬರ್ 29ರಂದು ಅಪ್ಪುದು. ಅವತ್ತು ಆ ಮನೆಯ ಪರಿಸ್ಥಿತಿ ನೆನಪು ಮಾಡಿಕೊಳ್ಳಿ. ಬೆಳಗ್ಗೆ ಜಿಮ್ ಮಾಡಿದ 46 ವರ್ಷದ ಮನುಷ್ಯ ಮಧ್ಯಾಹ್ನ ಇಲ್ಲ. ಆಸ್ಪತ್ರೆ ಮುಂದೆ ಜನಸಾಗರ. ಅಂಥ ಗಲಾಟೆಯಲ್ಲೂ ಮನೆಯವರು ಮರೆಯಲಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಅದು, ಆಮೇಲೆ ಐ ಬ್ಯಾಂಕ್‌ಗಳ ಮುಂದೆ ನಿಂತ ಕ್ಯೂ ಅಲ್ಲ.

ಅಪ್ಪು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಎರಡು ಕಣ್ಣು, ನಾಲ್ಕು ಜನ ಹೇಗೆ ಅಂತ ಆಗ ತುಂಬಾ ಜನ ತಲೆ ಕೆರೆದುಕೊಂಡರು. ಮೊದಲಿಗೆ, ಪೂರ್ತಿ ಕಣ್ಣುಗುಡ್ಡೆಯನ್ನು ಯಾರಿಗೂ ಕೂರಿಸುವುದಿಲ್ಲ. ಕೂರಿಸುವುದು ಕಾರ್ನಿಯಾ ಮಾತ್ರ. ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಹೊದಿಕೆ ಅದು, ಗಡಿಯಾರದ ಗಾಜಿದ್ದ ಹಾಗೆ. ಅರ್ಧ ಮಿಲಿಮೀಟರ್ ಚಿಲ್ಲರೆ ದಪ್ಪ. ಅಷ್ಟರಲ್ಲೂ ಪದರಗಳಿವೆ. ನಾರಾಯಣ ನೇತ್ರಾಲಯದ ಡಾ. ಭುಜಂಗ ಶೆಟ್ಟರ ತಂಡ ಮೇಲಿನ ಪದರ ಕೆಟ್ಟವರಿಗೆ ಮೇಲಿನದನ್ನು, ಒಳಪದರ ಕೆಟ್ಟವರಿಗೆ ಒಳಗಿನದನ್ನು ಹಾಕಿತು. ಹಾಗಾಗಿ ನಾಲ್ಕು. ರಕ್ತದ ಗುಂಪು ಹೊಂದಬೇಕು ಅಂತಿಲ್ಲ. ಕೊಡುವವರಿಗೆ ಎಷ್ಟು ವಯಸ್ಸಾದರೂ ಅಡ್ಡಿಯಿಲ್ಲ. ಕನ್ನಡಕ, ಶುಗರ್, ಪೊರೆ ಆಪರೇಷನ್ ಯಾವುದೂ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬಿಸ್, ರಕ್ತದ ಕ್ಯಾನ್ಸರ್ ಇಂಥವಿದ್ದರೆ ಬೇಡ ಅನ್ನುತ್ತಾರೆ. ಅದನ್ನು ಅವರೇ ನೋಡಿಕೊಳ್ಳುತ್ತಾರೆ, ನಾವು ಫೋನ್ ಮಾಡಬೇಕು ಅಷ್ಟೇ.

ನಮ್ಮ ಫಾರಂ ಕಥೆ ಕೇಳಿ. ನಾನು ಬರೆಸಿದ್ದೇನೆ ಅಂದ ಮಾತ್ರಕ್ಕೆ ನನ್ನ ಕಣ್ಣು ತಾನಾಗೇ ಹೋಗುವುದಿಲ್ಲ. ನಾನು ಸತ್ತಿದ್ದು ಐ ಬ್ಯಾಂಕ್‌ನವರಿಗೆ ಕನಸು ಬೀಳುತ್ತದಾ? ಮನೆಯವರೇ ಫೋನ್ ಮಾಡಬೇಕು, ಒಪ್ಪಿ ಸಹಿ ಹಾಕಬೇಕು. ಫಾರಂ ತುಂಬದೇ ಹೋದವರದ್ದನ್ನೂ ಮನೆಯವರು ಒಪ್ಪಿದರೆ ಕೊಡಬಹುದು. ಅಂದರೆ ಕಾರ್ಡ್‌ಗಿಂತ ಜಾಸ್ತಿ ಮುಖ್ಯ, ಆ ಹೊತ್ತಿಗೆ ಬಾಯಿ ಬಿಡುವ ಒಬ್ಬ ಮನುಷ್ಯ. ಆ ಮನುಷ್ಯ ಯಾರು ಅಂತ ತಿಳಿದುಕೊಳ್ಳದೆ ಕ್ಯಾಂಪ್ ಮಾಡಿ, ಹಾರ ಹಾಕಿ, ಗ್ರೂಪ್ ಫೋಟೊ ಹೊಡೆಸುವವರನ್ನು ಕಂಡರೆ ನನಗೀಗ ಸ್ವಲ್ಪ ರೇಗುತ್ತದೆ. ನಾನೂ ಅದೇ ಫೋಟೊದಲ್ಲಿ ನಿಂತವನೇ ಬಿಡಿ.

ದೊಡ್ಡಪ್ಪ ಹೋದಮೇಲೆ ಮನೆಯಲ್ಲಿ ಈ ವಿಷಯ ತೆಗೆದೆ. ಅಮ್ಮ ಎಗರಿ ಬಿದ್ದಳು. "ಕಣ್ಣು ಕಿತ್ತು ಕಳಿಸಿದ್ರೆ ಮುಂದಿನ ಜನ್ಮಕ್ಕೆ ಕುರುಡಾಗಿ ಹುಟ್ತಾರೆ!" ನಾನು ಕಣ್ಣಪ್ಪನ ಕಥೆ ತೆಗೆದೆ. ಅಣ್ಣಾವ್ರು ಹೀರೋ ಆದ ಮೊದಲ ಸಿನಿಮಾನೇ ಅದು, 1954ರದ್ದು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡ. ಆಮೇಲೆ 1988ರಲ್ಲಿ ಅದೇ ಕಥೆಗೆ ಶಿವಣ್ಣ ಕಣ್ಣಪ್ಪನಾದರು, ಹುಡುಗ ಕಣ್ಣಪ್ಪ ನಮ್ಮ ಅಪ್ಪು. "ಅವನೇನು ಕುರುಡನಾಗಿ ಹುಟ್ಟಿದನಾ? ನೇರ ಕೈಲಾಸ ಅಲ್ವಾ?" ಅಂದೆ. "ನಿನ್ನ ಹತ್ರ ಮಾತಾಡೋಕಾಗಲ್ಲ" ಅಂತ ಒಳಗೆ ಹೋದಳು. ಒಪ್ಪಿದಳು ಅಂತ ನಾನಂದುಕೊಳ್ಳಲಿಲ್ಲ.

ಕಳೆದ ವರ್ಷ ಎದುರುಮನೆ ಅಜ್ಜಿ ಹೋದರು. 81 ವರ್ಷ, ಶುಗರ್ ಇತ್ತು, ಪೊರೆ ತೆಗೆಸಿದ್ದರು. ಈ ಸಲ ಕಾಫಿ ಲೋಟ ಹಿಡಿಯಲಿಲ್ಲ. ಅಜ್ಜಿಯ ಮಗನನ್ನು ಗೇಟ್ ಹತ್ತಿರ ಕರೆದು ಕೇಳಿದೆ. ಎದೆ ಡವಡವ ಅನ್ನುತ್ತಿತ್ತು. ಅವರು ಅರ್ಧ ನಿಮಿಷ ನನ್ನನ್ನೇ ನೋಡಿದರು. "ಕೊಡೋಣ, ಏನ್ ಮಾಡ್ಬೇಕು ಹೇಳಿ" ಅಂದರು. ಇಷ್ಟೇನಾ! ಇದಕ್ಕೇನಾ ನಾನು ತುಮಕೂರಿನಲ್ಲಿ ಅಷ್ಟು ಹೆದರಿದ್ದು?

ಫೋನ್ ಮಾಡಿದೆ. ಅವರು ಬರುವವರೆಗೆ ಫ್ಯಾನ್ ಆಫ್ ಮಾಡಿ ಅಂದರು, ಗಾಳಿಗೆ ಕಾರ್ನಿಯಾ ಒಣಗುತ್ತದೆ. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ಎರಡು ದಿಂಬು ಕೊಡಿ ಅಂದರು. ಹತ್ತಿ ಒದ್ದೆ ಮಾಡಿ ತಂದಿದ್ದು ನಮ್ಮಮ್ಮ. ಒಂದೂ ಮಾತಾಡಲಿಲ್ಲ. ಐ ಬ್ಯಾಂಕ್‌ನವರು ಬಂದು ಅರ್ಧ ಗಂಟೆಯೊಳಗೆ ಕೆಲಸ ಮುಗಿಸಿದರು. ಅಜ್ಜಿಯ ಮುಖ ಮೊದಲು ಹೇಗಿತ್ತೋ ಹಾಗೇ ಇತ್ತು. ಅಮ್ಮ ಹತ್ತಿರ ಹೋಗಿ ಬಗ್ಗಿ ನೋಡಿ ಬಂದಳು.

ಹೋದ ತಿಂಗಳು ಹಿಂದಿನ ಬೀದಿಯಲ್ಲಿ ಒಂದು ಸಾವಾಯಿತು. ಆಫೀಸಿನಿಂದ ನಾನು ಓಡಿ ಬರುವಷ್ಟರಲ್ಲಿ ಅಮ್ಮ ಅಲ್ಲೇ ಇದ್ದಳು. ಫ್ಯಾನ್ ಆಫ್ ಆಗಿತ್ತು.