ಕಪ್ಪು ಸಮುದ್ರದ ಗ್ರೀಕ್ ಹಡಗನ್ನು ಮೇಲೆತ್ತಬೇಕೆ?

ಪರ: ಎತ್ತಲಿ, ಕಣ್ಣಾರೆ ನೋಡೋಣ

ಬಲ್ಗೇರಿಯದ ಕಡಲಾಚೆ, 2 ಕಿ.ಮೀ.ಗೂ ಜಾಸ್ತಿ ಆಳದಲ್ಲಿ ಒಂದು ಗ್ರೀಕ್ ಹಡಗು. ವಯಸ್ಸು ಸುಮಾರು 2,400 ವರ್ಷ, ಉದ್ದ 23 ಮೀಟರ್. ಹಾಯಿಕಂಬ, ಚುಕ್ಕಾಣಿ, ಹುಟ್ಟು ಹಾಕುವವರು ಕೂರುವ ಹಲಗೆ, ಎಲ್ಲವೂ ಇದ್ದಲ್ಲೇ ಇವೆ. 2018ರಲ್ಲಿ ಈ ಸುದ್ದಿ ಬರುವ ತನಕ ಇಂಥದ್ದನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಸೈರನ್ ಹೂಜಿಯಂಥ ಹಳೆಯ ಗ್ರೀಕ್ ಪಾತ್ರೆಗಳ ಮೇಲೆ ಚಿತ್ರದಲ್ಲಷ್ಟೇ ನೋಡಬಹುದಿತ್ತು. ಯಾರೂ ನೋಡದ ಹಡಗು ಇದ್ದರೇನು, ಬಿಟ್ಟರೇನು?

ಸ್ಟಾಕ್‌ಹೋಮಿನಲ್ಲಿದ್ದಾಗ ಅತ್ತೆಯನ್ನು, ನೀರಿನಿಂದ ಮೇಲೆತ್ತಿ ಇಟ್ಟಿರುವ ವಾಸಾ ಎಂಬ ಹಳೆಯ ಸ್ವೀಡಿಷ್ ಯುದ್ಧನೌಕೆ ನೋಡಲು ಕರೆದುಕೊಂಡು ಹೋಗಿದ್ದೆ. ಅವರದು ಮಲ್ಪೆ, ಮೀನುಗಾರರ ಮನೆ. ವಾಸಾ 1628ರಲ್ಲಿ ಮೊದಲ ಪ್ರಯಾಣದಲ್ಲೇ ಮುಳುಗಿದ್ದು. ಅತ್ತೆಗೆ ಅದೇನೂ ಗೊತ್ತಿಲ್ಲ. ಬೋರ್ಡು ಓದಲಿಲ್ಲ, ಸಿನಿಮಾ ತೋರಿಸುತ್ತಾರೆಂದರೆ ಬೇಡ ಎಂದರು. ಸುಮ್ನೆ ಒಂದು ಸುತ್ತು ಹಾಕಿ, ಫಿರಂಗಿಯ ಕಿಂಡಿಗಳನ್ನೇ ನೋಡುತ್ತ ನಿಂತರು. "ಕಿಂಡಿ ಇಷ್ಟು ಕೆಳಗೆ ಇಟ್ಟರೆ ಹಡಗು ವಾಲಿದಾಗ ನೀರು ನುಗ್ಗದೆ ಇರ್ತದಾ ಮಾರಾಯ್ತಿ?" ನುಗ್ಗಿತ್ತು! ಹಾಗೇ ಮುಳುಗಿತ್ತು. ಎದುರಿಗೆ ಹಡಗು ನಿಂತಿದ್ದಕ್ಕೆ ತಾನೇ ಅವರಿಗೆ ಹೊಳೆದಿದ್ದು?

ಎತ್ತಿದರೆ ಹಾಳಾಗುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ಅವರ ಮಾತು ಕೇಳಿದ್ದರೆ ವಾಸಾ ಇವತ್ತಿಗೂ ಕೆಸರಿನಲ್ಲೇ ಇರುತ್ತಿತ್ತು. ಎತ್ತಲಿ.

ವಿರೋಧ: ಇದ್ದಲ್ಲೇ ಇರಲಿ

ವಿರೋಧ ಬರೆಯುವವರು ಸಿಗಲಿಲ್ಲವೆಂದು ನನಗೆ ಹೇಳಿದರು. ಬರೆಯುತ್ತೇನೆ.

ಕಪ್ಪು ಸಮುದ್ರದಲ್ಲಿ 200 ಮೀಟರಿನಿಂದ ಕೆಳಗೆ ಆಮ್ಲಜನಕವೇ ಇಲ್ಲ. ಮರ ಕೊರೆಯುವ ಹುಳ ಅಲ್ಲಿ ಬದುಕುವುದಿಲ್ಲ. ಹಡಗು ಉಳಿದಿರುವುದೇ ಅದರಿಂದ. ಆದರೆ ಆ ನೀರಿನ ತುಂಬ ಹೈಡ್ರೋಜನ್ ಸಲ್ಫೈಡ್ ಇದೆ. ಮರದೊಳಗೆ ಸೇರಿದ ಗಂಧಕ, ಗಾಳಿಗೆ ಬಂದ ಮೇಲೆ ಆಮ್ಲವಾಗುತ್ತದೆ. ವಾಸಾಗೆ ಆಗಿದ್ದೂ ಇದೇ. 1961ರಲ್ಲಿ ಎತ್ತಿ, ಮರ ಬಿರಿಯದಂತೆ 17 ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಸಿಂಪಡಿಸಿದರೂ ಕಾಟ ತಪ್ಪಲಿಲ್ಲ.

ಸೈಪ್ರಸ್‌ನ ಹತ್ತಿರ ಮುಳುಗಿದ್ದ ಕೈರೇನಿಯಾ ಎಂಬ ಪುರಾತನ ಗ್ರೀಕ್ ಹಡಗನ್ನು ಎತ್ತಲಿಲ್ಲವೇ ಎಂದು ಕೇಳಬಹುದು. ಅದು ಇದ್ದದ್ದು 30 ಮೀಟರ್ ಆಳದಲ್ಲಿ. ಮುಳುಗುಗಾರರು ಇಳಿದು ಬಿಡಿಬಿಡಿಯಾಗಿ ತಂದರು. 2 ಕಿ.ಮೀ. ಕೆಳಗೆ ಯಂತ್ರ ಮಾತ್ರ ಹೋಗಬಲ್ಲದು. ಬಾವಿಗೆ ಬಿದ್ದ ಕೊಡ ಎತ್ತಿದಂತೆ ಎಂದುಕೊಂಡವರಿಗೆ ನಾನೇನು ಹೇಳಲಿ? ನೀರಿನಡಿಯ ಪರಂಪರೆ ಕುರಿತ ಯುನೆಸ್ಕೋದ 2001ರ ಒಪ್ಪಂದವೂ ಮೊದಲು ಇದ್ದಲ್ಲೇ ಉಳಿಸಿ ಎನ್ನುತ್ತದೆ. ನೋಡಲೇಬೇಕೆಂದರೆ ಫೋಟೊಗಳಿವೆ, ತ್ರೀಡಿ ಮಾದರಿ ಇದೆ. ಸಾಕಲ್ವಾ?

ಸಂಶೋಧಕರು ಕಾಲ ಗೊತ್ತುಮಾಡಲು ಒಂದು ಚೂರು ಮರ ಮಾತ್ರ ತಂದರು. ಹಡಗಿನ ಹೊಟ್ಟೆಯಲ್ಲಿ ಯಾವ ಸರಕಿದೆ ಎಂದು ಅವರಿಗೂ ಆಗ ತಿಳಿಯಲಿಲ್ಲ. ಅದೊಂದು ಗೊತ್ತಾಗಬೇಕು ಎಂದು ನನಗೂ ಅನಿಸುತ್ತದೆ, ನಿಜ.